ಮನೆಯಲ್ಲಿ ತಯಾರಿಸುವ ಅಕ್ವೇರಿಯಂ ಏರೇಟರ್

ಅಕ್ವೇರಿಯಂ ಏರೇಟರ್ ಎಂಬುದು ಮೀನಿನ ತೊಟ್ಟಿಯ ನೀರಿಗೂ ಹೊರಗಿನ ಗಾಳಿಗೂ ಇರುವ ಸಂಪರ್ಕವನ್ನು ಹೆಚ್ಚಿಸಿ, ನೀರಿನಲ್ಲಿ ಕರಗಿದ ಆಮ್ಲಜನಕದ ಮಟ್ಟವನ್ನು ಕಾಪಾಡುವ ಸಾಧನ. ಈ ಕ್ರಿಯೆಯನ್ನು ಗಾಳಿಯೂಡಿಕೆ ಎನ್ನಬಹುದು. ಅಂಗಡಿಗಳಲ್ಲಿ ದೊರೆಯುವ ವಿದ್ಯುತ್ ಪಂಪುಗಳಲ್ಲದೆ, ನೀರಿನ ಕ್ಯಾನು, ಹನಿ ನೀರಾವರಿಯ ಕಿರುಕೊಳವೆ, ವಾಹನದ ಹಳೆಯ ಟ್ಯೂಬು ಮುಂತಾದ ಸಾಮಾನ್ಯ ವಸ್ತುಗಳಿಂದ ಇಂತಹ ಸಾಧನಗಳನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳಬಹುದು. ಇವುಗಳಲ್ಲಿ ಕೆಲವು ವಿದ್ಯುತ್ತಿನ ನೆರವಿಲ್ಲದೆ ನಡೆಯುವುದರಿಂದ, ರಾತ್ರಿಯ ವಿದ್ಯುತ್ ಕಡಿತದ ಹೊತ್ತಿನಲ್ಲಿ ಮೀನುಗಳನ್ನು ಉಳಿಸಿಕೊಳ್ಳಲು ಉಪಯುಕ್ತವಾಗಿವೆ. ಕರ್ನಾಟಕದ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಂತಹ ನೀರಾವರಿ ಪ್ರದೇಶಗಳಲ್ಲಿ ಇವುಗಳಿಗೆ ಬೇಕಾದ ಬಿಡಿಭಾಗಗಳು ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿಯೇ ಸಿಗುತ್ತವೆ.

ತತ್ವ

ಮೀನುಗಳು ಉಸಿರಾಡುವುದು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ಒಂದು ಲೀಟರ್ ನೀರಿನಲ್ಲಿ ಹತ್ತು ಮಿಲಿಗ್ರಾಂ ಕೂಡ ಕರಗುವುದು ಅಪರೂಪ. ನೀರು ಬೆಚ್ಚಗಾದಷ್ಟೂ ಈ ಪ್ರಮಾಣ ಇಳಿಯುತ್ತದೆ. ಸಮುದ್ರಮಟ್ಟದಲ್ಲಿ ಶುದ್ಧ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಲೀಟರಿಗೆ ಹೀಗಿದೆ:

20 ಡಿಗ್ರಿ ಸೆಲ್ಸಿಯಸ್: ಸುಮಾರು 9.1 ಮಿಲಿಗ್ರಾಂ
25 ಡಿಗ್ರಿ ಸೆಲ್ಸಿಯಸ್: ಸುಮಾರು 8.3 ಮಿಲಿಗ್ರಾಂ
30 ಡಿಗ್ರಿ ಸೆಲ್ಸಿಯಸ್: ಸುಮಾರು 7.6 ಮಿಲಿಗ್ರಾಂ
35 ಡಿಗ್ರಿ ಸೆಲ್ಸಿಯಸ್: ಸುಮಾರು 7 ಮಿಲಿಗ್ರಾಂ

ಮಂಡ್ಯ, ಮದ್ದೂರು, ಮಳವಳ್ಳಿ ಪಟ್ಟಣಗಳು ಸಮುದ್ರಮಟ್ಟದಿಂದ 600ರಿಂದ 700 ಮೀಟರ್ ಎತ್ತರದಲ್ಲಿವೆ. ಅಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಮೇಲಿನ ಅಂಕಿಗಳಿಂದ ಸುಮಾರು ಶೇಕಡಾ 7ರಷ್ಟನ್ನು ಕಳೆಯಬೇಕಾಗುತ್ತದೆ. ಬೇಸಿಗೆಯಲ್ಲಿ ನೀರಿನ ಆಮ್ಲಜನಕ ಇಳಿಯುತ್ತಿರುವಾಗಲೇ ಮೀನಿನ ದೇಹದ ಚಟುವಟಿಕೆ ಚುರುಕಾಗಿ ಅದರ ಬೇಡಿಕೆ ಏರುತ್ತದೆ. ಬೇಸಿಗೆಯ ರಾತ್ರಿಗಳು ಮೀನಿನ ತೊಟ್ಟಿಗೆ ಅಪಾಯಕಾರಿಯಾಗಲು ಇದೇ ಮುಖ್ಯ ಕಾರಣ.

ಗಾಳಿಯ ಗುಳ್ಳೆಗಳೇ ನೀರಿಗೆ ಆಮ್ಲಜನಕವನ್ನು ತುಂಬುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಭಾಗಶಃ ಮಾತ್ರ ನಿಜ. ಒಂದು ಅಡಿ ಆಳದ ತೊಟ್ಟಿಯಲ್ಲಿ ತಳದಿಂದ ಹೊರಟ ಗುಳ್ಳೆ ಒಂದೆರಡು ಸೆಕೆಂಡುಗಳಲ್ಲಿ ಮೇಲ್ಮೈಯನ್ನು ಸೇರಿ ಒಡೆಯುತ್ತದೆ. ಅಷ್ಟರಲ್ಲಿ ಅದರಿಂದ ನೀರಿಗೆ ಇಳಿಯುವ ಆಮ್ಲಜನಕ ಅಲ್ಪ. ಗುಳ್ಳೆಗಳು ಮಾಡುವ ದೊಡ್ಡ ಉಪಕಾರವೆಂದರೆ, ಆಮ್ಲಜನಕ ಕಡಿಮೆಯಾದ ತಳದ ನೀರನ್ನು ಮೇಲಕ್ಕೆ ಎತ್ತುವುದು ಮತ್ತು ಮೇಲ್ಮೈಯನ್ನು ಕದಡುವುದು. ಆಮ್ಲಜನಕ ಒಳಗೆ ಬರುವುದೂ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುವುದೂ ಬಹುಪಾಲು ಈ ಮೇಲ್ಮೈಯ ಮೂಲಕವೇ. ಆದ್ದರಿಂದ ನೀರಿನ ಮೇಲ್ಮೈಯನ್ನು ಚಲನೆಯಲ್ಲಿಡುವ ಯಾವ ಉಪಾಯವೂ ಏರೇಟರ್ ಆಗಬಲ್ಲದು. ಮನೆಯಲ್ಲಿ ತಯಾರಿಸಿದ ಸರಳ ಸಾಧನಗಳು ಕೆಲಸ ಮಾಡುವುದು ಈ ಕಾರಣದಿಂದಲೇ.

ತೊಟ್ಟಿಯ ಆಕಾರಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಬಾಯಿ ಕಿರಿದಾದ ಗಾಜಿನ ಬಟ್ಟಲನ್ನು ಕಂಠದವರೆಗೆ ತುಂಬಿದರೆ ನೀರು ಹೆಚ್ಚಾಗುತ್ತದೆ, ಮೇಲ್ಮೈ ಕುಗ್ಗುತ್ತದೆ. ಅದನ್ನು ನಡುಮಟ್ಟದವರೆಗೆ ಮಾತ್ರ ತುಂಬುವುದು ಲೇಸು. ಉಷ್ಣವಲಯದ ಸಣ್ಣ ಮೀನುಗಳಿಗೆ ಬಾಲ ಬಿಟ್ಟು ಪ್ರತಿ 2.5 ಸೆಂಟಿಮೀಟರ್ ಉದ್ದಕ್ಕೆ 75 ಚದರ ಸೆಂಟಿಮೀಟರ್ ಮೇಲ್ಮೈ ಬೇಕೆಂಬುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಅಂದಾಜು. ಈ ಲೆಕ್ಕದಂತೆ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ ಒಟ್ಟು 60 ಸೆಂಟಿಮೀಟರ್ ಉದ್ದದಷ್ಟು ಸಣ್ಣ ಮೀನುಗಳಿರಬಹುದು. ಗೋಲ್ಡ್‌ಫಿಶ್‌ಗೆ ಇದರ ಎರಡೂವರೆ ಪಟ್ಟು ಮೇಲ್ಮೈ ಬೇಕೆನ್ನಲಾಗುತ್ತದೆ. ಫೈಟರ್ ಮತ್ತು ಗೌರಾಮಿ ಮೀನುಗಳು ನೀರಿನ ಮೇಲೆ ಬಂದು ನೇರವಾಗಿ ಗಾಳಿಯನ್ನು ಸೇವಿಸಬಲ್ಲವಾದ್ದರಿಂದ ಕೊರತೆಯನ್ನು ಇತರ ಮೀನುಗಳಿಗಿಂತ ಚೆನ್ನಾಗಿ ತಾಳುತ್ತವೆ.

ಹಿನ್ನೆಲೆ

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಎರಡು ಗೋಲ್ಡ್‌ಫಿಶ್, ನೀರಿನ ಸಸ್ಯ ಮತ್ತು ಬಸವನಹುಳುಗಳನ್ನು ಒಂದೇ ಪಾತ್ರೆಯಲ್ಲಿಟ್ಟು, ಸಸ್ಯಗಳು ಬಿಡುಗಡೆ ಮಾಡುವ ಆಮ್ಲಜನಕದಿಂದ ಮೀನುಗಳು ಬದುಕಬಲ್ಲವೆಂದು ತೋರಿಸಿದನು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಪ್ರಕಟವಾದ ಫಿಲಿಪ್ ಹೆನ್ರಿ ಗಾಸ್‌ನ ಗ್ರಂಥದಿಂದ ಅಕ್ವೇರಿಯಂ ಎಂಬ ಪದ ಜನಪ್ರಿಯವಾಯಿತು. ಆದರೆ ಸಸ್ಯಗಳು ಆಮ್ಲಜನಕವನ್ನು ಬಿಡುವುದು ಬೆಳಕಿನಲ್ಲಿ ಮಾತ್ರ. ಕತ್ತಲಲ್ಲಿ ಅವೂ ಆಮ್ಲಜನಕವನ್ನೇ ಬಳಸುತ್ತವೆ. ಸಸ್ಯಗಳನ್ನು ಮಾತ್ರ ನಂಬಿ ಹೆಚ್ಚು ಮೀನು ಸಾಕಲು ಸಾಧ್ಯವಾಗದ ಕಾರಣ ಯಾಂತ್ರಿಕ ಗಾಳಿಯೂಡಿಕೆ ಅಗತ್ಯವಾಯಿತು.

ಬೀಳುವ ನೀರು ತನ್ನೊಡನೆ ಗಾಳಿಯನ್ನು ಎಳೆದೊಯ್ಯುತ್ತದೆಂಬುದು ಇದಕ್ಕೂ ಹಳೆಯ ತಿಳಿವಳಿಕೆ. ಸ್ಪೇನ್ ದೇಶದ ಕ್ಯಾಟಲೋನಿಯಾ ಪ್ರಾಂತದ ಕಬ್ಬಿಣದ ಕುಲುಮೆಗಳು ತಿದಿಯ ಬದಲು ಕೊಳವೆಯಲ್ಲಿ ಧುಮುಕುವ ನೀರಿನಿಂದಲೇ ಗಾಳಿಯನ್ನು ಪಡೆಯುತ್ತಿದ್ದವು. ಇಂದು ಮನೆಗಳಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಪಂಪಿನಲ್ಲಿ ವಿದ್ಯುತ್ಕಾಂತವೊಂದು ಸೆಕೆಂಡಿಗೆ 50 ಆವರ್ತನೆಯ ಪರ್ಯಾಯ ವಿದ್ಯುತ್ತಿಗೆ ತಕ್ಕಂತೆ ರಬ್ಬರಿನ ಪೊರೆಯನ್ನು ಕಂಪಿಸುತ್ತದೆ. ಆ ಕಂಪನ ಗಾಳಿಯನ್ನು ಕೊಳವೆಗೆ ತಳ್ಳುತ್ತದೆ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1983ರಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯ ಹಳೆಯ ಮೈಸೂರು ಭಾಗದ ಜನರಿಗೆ ಅಲಂಕಾರಿಕ ಮೀನುಗಳನ್ನು ಪರಿಚಯಿಸಿದ ತಾಣಗಳಲ್ಲಿ ಒಂದು.

ಮಂಡ್ಯ, ಮದ್ದೂರು, ಮಳವಳ್ಳಿ ಪರಿಸರದ ನೀರು

ಗಾಳಿಯೂಡಿಕೆಯ ತತ್ವವನ್ನು ಈ ಪ್ರದೇಶದ ನೀರಿನ ನೆಲೆಗಳಲ್ಲಿಯೇ ಕಾಣಬಹುದು. ಶಿವನಸಮುದ್ರದ ಬಳಿ ಕಾವೇರಿಯು ಮಳವಳ್ಳಿ ತಾಲ್ಲೂಕಿನ ಬದಿಯಲ್ಲಿ ಗಗನಚುಕ್ಕಿಯಾಗಿ ಧುಮುಕುತ್ತದೆ. ಬಂಡೆಗಳ ಮೇಲೆ ಒಡೆದು ಬಿಳಿನೊರೆಯಾಗುವ ನೀರು ಗಾಳಿಯೊಡನೆ ಪೂರ್ಣವಾಗಿ ಬೆರೆಯುತ್ತದೆ. ಕೆಳಗಿನ ಮುತ್ತತ್ತಿ, ಭೀಮೇಶ್ವರಿ ಭಾಗದ ರಭಸದ ಹರಿವಿನಲ್ಲಿ ಕಾವೇರಿಯ ದೊಡ್ಡ ಮಹಶೀರ್ ಮೀನು ವಾಸಿಸುವುದು ಇಂತಹ ನೀರನ್ನು ಅವಲಂಬಿಸಿಯೇ. ಈ ಮೀನನ್ನು 2018ರಲ್ಲಿ ತೀವ್ರ ಅಳಿವಿನಂಚಿನ ಪ್ರಭೇದವೆಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಲಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ನಿಂತ ನೀರಿನ ಕೆರೆಗಳಲ್ಲಿ ಪಾಚಿ ದಟ್ಟವಾದಾಗ ಮೀನುಗಳು ಬೆಳಗಿನ ಜಾವ ಬಾಯಿ ತೆರೆದು ಮೇಲೆ ತೇಲುವುದುಂಟು. ರಾತ್ರಿಯಿಡೀ ಪಾಚಿಯೂ ಮೀನೂ ಒಂದೇ ಸಂಗ್ರಹದಿಂದ ಆಮ್ಲಜನಕವನ್ನು ಬಳಸಿ, ಸೂರ್ಯೋದಯಕ್ಕೆ ಮುನ್ನ ಅದು ತಳ ಮುಟ್ಟಿರುತ್ತದೆ. ಮನೆಯ ತೊಟ್ಟಿಯಲ್ಲಿ ನಡೆಯುವುದೂ ಇದೇ.

ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಮೂರೂ ತಾಲ್ಲೂಕುಗಳಿಗೆ ನೀರುಣಿಸುತ್ತದೆ. ಹಿಂದೆ ಇದನ್ನು ಇರ್ವಿನ್ ನಾಲೆ ಎನ್ನುತ್ತಿದ್ದರು. ನಾಲೆಯ ನೀರು ಕಟ್ಟು ಪದ್ಧತಿಯಲ್ಲಿ ಬಿಟ್ಟು ಬಿಟ್ಟು ಹರಿಯುವುದರಿಂದ ಮತ್ತು ಅದರಲ್ಲಿ ಗದ್ದೆಗಳಿಂದ ಬಸಿದ ಕೀಟನಾಶಕ ಸೇರಿರುವ ಸಾಧ್ಯತೆಯಿರುವುದರಿಂದ ಮೀನಿನ ತೊಟ್ಟಿಗೆ ಅದು ಯೋಗ್ಯವಲ್ಲ. ಮನೆಗಳಲ್ಲಿ ಬಳಕೆಯಾಗುವುದು ಹೆಚ್ಚಾಗಿ ಕೊಳವೆಬಾವಿಯ ಅಥವಾ ನಲ್ಲಿಯ ನೀರು. ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಅದನ್ನು ನೇರವಾಗಿ ಮೀನಿಗೆ ಕೊಡದೆ, ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ರಾತ್ರಿ ಗಾಳಿಯೂಡಿಸಿ ಬಳಸಬೇಕು. ನಲ್ಲಿಯ ನೀರಿನ ಕ್ಲೋರಿನ್ ಕೂಡ ಹೀಗೆ ಮಾಡಿದಾಗ ಬಹುಮಟ್ಟಿಗೆ ಹೊರಹೋಗುತ್ತದೆ. ಗಡಸು ನೀರಿರುವಲ್ಲಿ ಏರ್ ಸ್ಟೋನ್‌ನ ರಂಧ್ರಗಳು ಸುಣ್ಣದಿಂದ ಮುಚ್ಚಿಕೊಳ್ಳುತ್ತವೆ. ಅದನ್ನು ಕೆಲವು ಗಂಟೆ ವಿನಿಗರ್‌ನಲ್ಲಿ ಅಥವಾ ನಿಂಬೆರಸ ಬೆರೆಸಿದ ನೀರಿನಲ್ಲಿ ನೆನೆಸಿ, ತೊಳೆದು ಒಣಗಿಸಿದರೆ ಮತ್ತೆ ಬಳಕೆಗೆ ಬರುತ್ತದೆ.

ಬಿಡಿಭಾಗಗಳು

ಕೊಳವೆ: ಅಕ್ವೇರಿಯಂ ಗಾಳಿಕೊಳವೆಯ ಒಳವ್ಯಾಸ ಸಾಮಾನ್ಯವಾಗಿ 4 ಮಿಲಿಮೀಟರ್. ಕಬ್ಬು ಮತ್ತು ತರಕಾರಿ ಬೆಳೆಯ ಹನಿ ನೀರಾವರಿಯಲ್ಲಿ ಬಳಸುವ ಮೈಕ್ರೋಟ್ಯೂಬ್‌ಗಳಲ್ಲಿ ಇದೇ ಅಳತೆಯದು ಸಿಗುತ್ತದೆ. ಅದರ ಜೋಡಣೆ ಮೂತಿ, ಕವಲು, ಸಣ್ಣ ನಲ್ಲಿಗಳೂ ಉಪಯೋಗಕ್ಕೆ ಬರುತ್ತವೆ.

ನಿಯಂತ್ರಕ: ಔಷಧದಂಗಡಿಯಲ್ಲಿ ದೊರೆಯುವ ಡ್ರಿಪ್ ಸೆಟ್‌ನಲ್ಲಿರುವ ಉರುಳುಗಾಲಿಯ ಒತ್ತುಗುಂಡಿ ಹರಿವನ್ನು ನಯವಾಗಿ ಏರಿಳಿಸುತ್ತದೆ. ಹೊಸದನ್ನೇ ಕೊಳ್ಳಬೇಕು. ಆಸ್ಪತ್ರೆಯಲ್ಲಿ ಬಳಸಿ ಬಿಟ್ಟದ್ದನ್ನು ಎಂದಿಗೂ ತರಬಾರದು.

ಏರ್ ಸ್ಟೋನ್: ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ರಂಧ್ರಮಯ ಕಲ್ಲು. ಒಂದೇ ಪ್ರಮಾಣದ ಗಾಳಿಯನ್ನು ಅರ್ಧ ವ್ಯಾಸದ ಗುಳ್ಳೆಗಳಾಗಿ ಒಡೆದರೆ ಒಟ್ಟು ಹೊರಮೈ ಇಮ್ಮಡಿಯಾಗುತ್ತದೆ. ಇದು ಅಗ್ಗದ ವಸ್ತುವಾದ್ದರಿಂದ ಕೊಳ್ಳುವುದೇ ಸುಲಭ.

ಚೆಕ್ ವಾಲ್ವ್: ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಬಿಟ್ಟು, ನೀರು ಹಿಂದಿರುಗದಂತೆ ತಡೆಯುವ ಕವಾಟ. ಇದನ್ನು ಮನೆಯಲ್ಲಿ ಮಾಡುವ ಬದಲು ಕೊಳ್ಳುವುದೇ ಸುರಕ್ಷಿತ.

ತಯಾರಿಕೆಯ ವಿಧಾನಗಳು

ಹನಿಪಾತ್ರೆ

ಶಿವಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ಹೋಲುವ ಅತ್ಯಂತ ಸರಳ ಸಾಧನವಿದು. ಐದು ಲೀಟರಿನ ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ಸೂಜಿಯಿಂದ ಎಂಟು ಹತ್ತು ರಂಧ್ರ ಮಾಡಿ, ತೊಟ್ಟಿಯ ನೀರಿನ ಮೇಲೆ ಸುಮಾರು ಒಂದು ಅಡಿ ಎತ್ತರದಲ್ಲಿ ಭದ್ರವಾಗಿ ನಿಲ್ಲಿಸಬೇಕು. ತೊಟ್ಟಿಯ ನೀರನ್ನೇ ತೆಗೆದು ಡಬ್ಬಕ್ಕೆ ತುಂಬಬೇಕು. ಹೊರಗಿನ ನೀರು ಹಾಕಿದರೆ ತೊಟ್ಟಿ ತುಂಬಿ ಹರಿಯುತ್ತದೆ. ಬೀಳುವ ಹನಿಗಳು ಮೇಲ್ಮೈಯನ್ನು ಸತತವಾಗಿ ಕದಡುತ್ತವೆ. ಡಬ್ಬ ಖಾಲಿಯಾದಾಗಲೆಲ್ಲ ಮತ್ತೆ ತುಂಬಬೇಕಾಗಿರುವುದು ಇದರ ಕೊರತೆ. ಡಬ್ಬವೂ ಸಿದ್ಧವಿಲ್ಲದ ತುರ್ತಿನಲ್ಲಿ, ಬಿಸಿ ಕಾಫಿಯನ್ನು ಎತ್ತಿ ಹೊಯ್ದು ಆರಿಸುವಂತೆ ಚೆಂಬಿನಿಂದ ನೀರನ್ನು ಎತ್ತಿ ಸುರಿದರೂ ಅದೇ ಪ್ರಯೋಜನವಾಗುತ್ತದೆ.

ಎರಡು ಕ್ಯಾನುಗಳ ಗಾಳಿಯಂತ್ರ

ನೀರು ಒಳಬಂದರೆ ಗಾಳಿ ಹೊರಹೋಗಲೇಬೇಕೆಂಬ ನಿಯಮದ ಮೇಲೆ ಇದು ನಡೆಯುತ್ತದೆ. ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನುಗಳು ಬೇಕು. ಒಂದನ್ನು ನೆಲದ ಮೇಲೂ, ಇನ್ನೊಂದನ್ನು ಕೆಳಗಿನ ಕ್ಯಾನಿನ ಬಾಯಿಗಿಂತ ಕನಿಷ್ಠ ಒಂದು ಮೀಟರ್ ಎತ್ತರದ ಗಟ್ಟಿ ಕಟ್ಟೆಯ ಮೇಲೂ ಇಡಬೇಕು. ಇಪ್ಪತ್ತು ಲೀಟರ್ ನೀರು 20 ಕಿಲೋಗ್ರಾಂ ತೂಗುತ್ತದೆಂಬುದನ್ನು ಮರೆಯಬಾರದು.

1. ಕೆಳಗಿನ ಕ್ಯಾನಿನ ಮುಚ್ಚಳದಲ್ಲಿ ಎರಡು ರಂಧ್ರ ಕೊರೆದು ಎರಡು ಕೊಳವೆಗಳನ್ನು ತೂರಿಸಬೇಕು. ನೀರಿನ ಕೊಳವೆ ತಳದವರೆಗೆ ಇಳಿಯಬೇಕು. ಗಾಳಿಯ ಕೊಳವೆ ಮುಚ್ಚಳದ ಕೆಳಗೆ ಒಂದು ಅಂಗುಲಕ್ಕೇ ನಿಲ್ಲಬೇಕು.
2. ಸಂದುಗಳನ್ನು ಶಿಲೀಂಧ್ರನಾಶಕ ಬೆರೆಸದ ಸಿಲಿಕೋನ್ ಅಂಟಿನಿಂದ ಮುಚ್ಚಿ ಕನಿಷ್ಠ 24 ಗಂಟೆ ಒಣಗಲು ಬಿಡಬೇಕು. ಗಾಳಿ ಸೋರಿದರೆ ಸಾಧನ ನಡೆಯುವುದಿಲ್ಲ.
3. ಕೆಳಗಿನ ಕ್ಯಾನಿನ ತಳದಲ್ಲಿ ಒಂದು ಅಂಗುಲ ನೀರು ಹಾಕಿ, ನೀರಿನ ಕೊಳವೆಯ ತುದಿ ಮುಳುಗುವಂತೆ ಮಾಡಬೇಕು.
4. ಮೇಲಿನ ಕ್ಯಾನಿನ ನಲ್ಲಿಗೆ ನೀರಿನ ಕೊಳವೆಯನ್ನು ಜೋಡಿಸಿ, ನಿಯಂತ್ರಕವನ್ನು ಈ ಕೊಳವೆಯಲ್ಲಿಯೇ ಇಡಬೇಕು. ಗಾಳಿಯ ಕೊಳವೆಯಲ್ಲಿಟ್ಟರೆ ಕೆಳಗಿನ ಕ್ಯಾನಿನ ಮೇಲೆ ಅನಗತ್ಯ ಒತ್ತಡ ಬೀಳುತ್ತದೆ. ಮೇಲಿನ ಕ್ಯಾನಿನ ಬಾಯಿ ತೆರೆದಿರಬೇಕು.
5. ಗಾಳಿಯ ಕೊಳವೆಗೆ ಚೆಕ್ ವಾಲ್ವ್ ಮತ್ತು ಏರ್ ಸ್ಟೋನ್ ಜೋಡಿಸಿ ತೊಟ್ಟಿಗೆ ಇಳಿಸಬೇಕು.

ಒಂದು ಮೀಟರ್ ಎತ್ತರದ ನೀರು ಸುಮಾರು ಹತ್ತನೆಯ ಒಂದು ಭಾಗ ವಾಯುಭಾರದಷ್ಟು ಒತ್ತಡವನ್ನು ಕೊಡುತ್ತದೆ. 30 ಸೆಂಟಿಮೀಟರ್ ಆಳದಲ್ಲಿರುವ ಏರ್ ಸ್ಟೋನ್‌ಗೆ ಇದರ ಅರ್ಧಕ್ಕಿಂತ ಕಡಿಮೆ ಸಾಕು. ನಿಮಿಷಕ್ಕೆ 50 ಮಿಲಿಲೀಟರಿನಂತೆ ಬಿಟ್ಟರೆ 18 ಲೀಟರ್ ನೀರು 360 ನಿಮಿಷ, ಅಂದರೆ ಆರು ಗಂಟೆ ಗಾಳಿಯನ್ನು ಒದಗಿಸುತ್ತದೆ. ಮೇಲಿನ ಕ್ಯಾನಿಗೆ 18 ಲೀಟರಿಗಿಂತ ಹೆಚ್ಚು ತುಂಬಬಾರದು. ತುಂಬಿದರೆ ಕೊನೆಯಲ್ಲಿ ಗಾಳಿಯ ಬದಲು ನೀರೇ ತೊಟ್ಟಿಗೆ ಹರಿಯುತ್ತದೆ. ಮುಗಿದ ಮೇಲೆ ಕೆಳಗಿನ ನೀರನ್ನು ಮೇಲಕ್ಕೆ ಸುರಿದರೆ ಮತ್ತೆ ಆರು ಗಂಟೆ ನಡೆಯುತ್ತದೆ.

ಟ್ಯೂಬಿನ ಗಾಳಿಕೋಶ

ಕಾರಿನ ಹಳೆಯ ಟ್ಯೂಬನ್ನು ಸೈಕಲ್ ಪಂಪಿನಿಂದ ಮೆತ್ತಗೆ ಉಬ್ಬುವಷ್ಟು ತುಂಬಿ, ಆ ಗಾಳಿಯನ್ನು ನಿಧಾನವಾಗಿ ಬಿಡುವುದು ಈ ವಿಧಾನ. ಹಳೆಯ ಫುಟ್‌ಪಂಪಿನ ಮೂತಿ ಟ್ಯೂಬಿನ ವಾಲ್ವಿನ ಪಿನ್ನನ್ನು ಒತ್ತಿ ಹಿಡಿಯುತ್ತದೆ. ಅದರ ಇನ್ನೊಂದು ತುದಿಗೆ ನಿಯಂತ್ರಕ, ಚೆಕ್ ವಾಲ್ವ್, ಏರ್ ಸ್ಟೋನ್‌ಗಳನ್ನು ಕ್ರಮವಾಗಿ ಜೋಡಿಸಲಾಗುತ್ತದೆ. 15 ಲೀಟರ್ ಗಾಳಿ ನಿಮಿಷಕ್ಕೆ 50 ಮಿಲಿಲೀಟರಿನಂತೆ ಐದು ಗಂಟೆ ಬರುತ್ತದೆ. ಟ್ಯೂಬಿನೊಳಗಿನ ಪುಡಿ ಮತ್ತು ರಬ್ಬರಿನ ವಾಸನೆ ತೊಟ್ಟಿಯನ್ನು ಸೇರದಂತೆ ಗಾಳಿಯನ್ನು ಮೊದಲು ನೀರಿರುವ ಮುಚ್ಚಿದ ಬಾಟಲಿಯೊಂದರ ಮೂಲಕ ಹಾಯಿಸುವುದು ಒಳ್ಳೆಯದು. ಟೈರಿನ ಆಸರೆಯಿಲ್ಲದ ಟ್ಯೂಬನ್ನು ಬಿಗಿಯಾಗಿ ತುಂಬಿದರೆ ಅದು ಸಿಡಿಯಬಹುದು. ಪಂಪಿನ ಕೊಳವೆಗೆ ಎಣ್ಣೆ ಹಾಕಿದ್ದರೆ ಆ ಪಂಪನ್ನು ಬಳಸಬಾರದು.

ಬಾಟಲಿಯ ಸ್ಪಂಜು ಸೋಸುಕ

ಇದಕ್ಕೆ ಮೇಲಿನ ಯಾವುದಾದರೂ ಗಾಳಿಮೂಲ ಅಥವಾ ಸಣ್ಣ ಪಂಪು ಬೇಕು. ಬಾಟಲಿಯ ಗೋಡೆಯಲ್ಲಿ ರಂಧ್ರಗಳನ್ನು ಮಾಡಿ, ಒಳಗೆ ಸೋಪು ಸೋಕದ ಹೊಸ ಸ್ಪಂಜನ್ನು ತುಂಬಿ, ನಡುವೆ ಸುಮಾರು 20 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಕೊಳವೆಯನ್ನು ನಿಲ್ಲಿಸಲಾಗುತ್ತದೆ. ಕೊಳವೆಯ ಬುಡಕ್ಕೆ ಗಾಳಿ ಬಿಟ್ಟಾಗ ಗುಳ್ಳೆ ಬೆರೆತ ನೀರು ಹಗುರಾಗಿ ಮೇಲೇರುತ್ತದೆ. ಅದರ ಜಾಗಕ್ಕೆ ತೊಟ್ಟಿಯ ನೀರು ಸ್ಪಂಜಿನ ಮೂಲಕ ಸೋಸಿ ಬರುತ್ತದೆ. ಕೆಲವು ವಾರಗಳಲ್ಲಿ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಈ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು. ಕ್ಲೋರಿನ್ ಇರುವ ನಲ್ಲಿಯ ನೀರು ಅವುಗಳನ್ನು ಕೊಲ್ಲುತ್ತದೆ.

ಕಡಿಮೆ ವೋಲ್ಟೇಜಿನ ಪಂಪು

ಶಾಲಾ ವಿಜ್ಞಾನ ಮಾದರಿಗಳಿಗಾಗಿ ಮಾರುವ 5 ವೋಲ್ಟಿನ ಸಣ್ಣ ಮುಳುಗು ಪಂಪನ್ನು ಪವರ್ ಬ್ಯಾಂಕ್‌ನಿಂದ ನಡೆಸಬಹುದು. ಅದು ಚಿಮ್ಮಿಸುವ ನೀರನ್ನು ಮೇಲ್ಮೈಗೆ ಓರೆಯಾಗಿ ಬೀಳಿಸಿದರೆ ಅಷ್ಟೇ ಸಾಕು. ಹೊರಮೂತಿಯ ಇಕ್ಕಟ್ಟಾದ ಭಾಗಕ್ಕೆ ಗಾಳಿಯ ಕಿರುಕೊಳವೆಯನ್ನು ಸೇರಿಸಿ ಇನ್ನೊಂದು ತುದಿಯನ್ನು ನೀರಿನಿಂದ ಹೊರಗಿಟ್ಟರೆ, ವೇಗವಾಗಿ ಹರಿಯುವ ನೀರು ಗಾಳಿಯನ್ನೂ ಸೆಳೆದುಕೊಳ್ಳುತ್ತದೆ. ಕೆಲವು ಪವರ್ ಬ್ಯಾಂಕ್‌ಗಳು ಅತಿ ಸಣ್ಣ ಹೊರೆಯಿದ್ದಾಗ ತಾವಾಗಿಯೇ ಆರಿಹೋಗುತ್ತವೆ. ಆದ್ದರಿಂದ ರಾತ್ರಿ ನಂಬಿ ಮಲಗುವ ಮೊದಲು ಹಗಲಿನಲ್ಲಿ ಕೆಲವು ಗಂಟೆ ನಡೆಸಿ ನೋಡಬೇಕು.

ಹರಿವನ್ನು ಅಳೆಯುವ ಬಗೆ

ಅಳತೆಯ ಗುರುತಿರುವ ಬಾಟಲಿಯನ್ನು ನೀರಿನಿಂದ ತುಂಬಿ, ಬಕೆಟ್ಟಿನ ನೀರಿನಲ್ಲಿ ತಲೆಕೆಳಗಾಗಿ ಹಿಡಿದು, ಅದರ ಬಾಯಿಯೊಳಗೆ ಗಾಳಿಯ ಕೊಳವೆಯನ್ನು ಬಿಡಬೇಕು. ಗಾಳಿ ಸೇರಿದಷ್ಟು ನೀರು ಹೊರಬೀಳುತ್ತದೆ. 100 ಮಿಲಿಲೀಟರ್ ಗಾಳಿ ಸೇರಲು ಎರಡು ನಿಮಿಷ ಹಿಡಿದರೆ ಹರಿವು ನಿಮಿಷಕ್ಕೆ 50 ಮಿಲಿಲೀಟರ್. ಒತ್ತಡ, ಸ್ಥಾನಪಲ್ಲಟ ಮತ್ತು ದ್ರವದಲ್ಲಿ ಅನಿಲ ಕರಗುವಿಕೆಯನ್ನು ಪ್ರೌಢಶಾಲೆಯಲ್ಲಿ ವಿವರಿಸಲು ಎರಡು ಕ್ಯಾನುಗಳ ಸಾಧನವೂ ಈ ಅಳತೆಯೂ ಒಳ್ಳೆಯ ಪ್ರಾತ್ಯಕ್ಷಿಕೆಗಳಾಗುತ್ತವೆ.

ಮುನ್ನೆಚ್ಚರಿಕೆಗಳು

ಕೀಟನಾಶಕದ ಡಬ್ಬ ಮತ್ತು ಸ್ಪ್ರೇಯರ್: ಕೃಷಿಕರ ಮನೆಗಳಲ್ಲಿ ಕೀಟನಾಶಕ, ಕಳೆನಾಶಕಗಳ ಖಾಲಿ ಡಬ್ಬಗಳೂ ಬೆನ್ನಿಗೆ ಹೊರುವ ಕೈಪಂಪಿನ ಸ್ಪ್ರೇಯರ್‌ಗಳೂ ಸುಲಭವಾಗಿ ಕೈಗೆ ಸಿಗುತ್ತವೆ. ಗಾಳಿ ತುಂಬಿಡಲು ಸ್ಪ್ರೇಯರ್ ಅನುಕೂಲವೆಂದು ತೋರಿದರೂ ಅದನ್ನು ಬಳಸಬಾರದು. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿನಲ್ಲಿ ಮತ್ತು ರಬ್ಬರ್ ಬಿರಟೆಗಳಲ್ಲಿ ವಿಷದ ಅಂಶ ಉಳಿಯುತ್ತದೆ. ಹಲವು ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಮಾರಕ. ಅವುಗಳನ್ನು ಮುಟ್ಟುವ ಮಕ್ಕಳಿಗೂ ಅಪಾಯವಿದೆ.

ವಿದ್ಯುತ್ತು: 230 ವೋಲ್ಟಿನ ಪಂಪನ್ನು ಮನೆಯಲ್ಲಿ ತಯಾರಿಸುವುದಾಗಲಿ, ಮಿಕ್ಸಿ ಅಥವಾ ಕೂಲರಿನ ಮೋಟಾರನ್ನು ಮಾರ್ಪಡಿಸಿ ತೊಟ್ಟಿಯ ಬಳಿ ಇಡುವುದಾಗಲಿ ಸಲ್ಲದು. ಕೊಂಡು ತಂದ ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಡಬೇಕು. ಕೆಳಗಿದ್ದರೆ, ವಿದ್ಯುತ್ ಹೋದೊಡನೆ ತೊಟ್ಟಿಯ ನೀರು ಕೊಳವೆಯಲ್ಲಿ ಹಿಂದಿರುಗಿ ಪಂಪಿನೊಳಗೆ ಸೇರುತ್ತದೆ. ವಿದ್ಯುತ್ ಮರಳಿ ಬಂದಾಗ ಅದು ಪ್ರಾಣಾಪಾಯಕ್ಕೆ ದಾರಿಯಾಗಬಹುದು. ವೈರನ್ನು ಪ್ಲಗ್ಗಿನ ಕೆಳಗೆ ಇಳಿಬಿದ್ದು ಮೇಲೇರುವಂತೆ ಬಿಟ್ಟರೆ, ಅದರ ಗುಂಟ ಹರಿದ ನೀರು ಪ್ಲಗ್ಗನ್ನು ತಲುಪದೆ ಕೆಳಗೇ ತೊಟ್ಟಿಕ್ಕುತ್ತದೆ. 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ಸುರಕ್ಷಾ ಸ್ವಿಚ್ ಇರುವುದು ಅಪೇಕ್ಷಣೀಯ. ತೊಟ್ಟಿಯೊಳಗೆ ಕೈ ಹಾಕುವ ಮೊದಲು ಎಲ್ಲ ಸ್ವಿಚ್‌ಗಳನ್ನೂ ಆರಿಸಬೇಕು.

ಲೋಹ: ತಾಮ್ರ ಮತ್ತು ಹಿತ್ತಾಳೆಯ ಜೋಡಣೆಗಳು ನೀರಿಗೆ ತಾಗಬಾರದು. ಕರಗಿದ ತಾಮ್ರ ಮೀನಿಗೂ, ಅದಕ್ಕಿಂತ ಹೆಚ್ಚಾಗಿ ಸೀಗಡಿ ಮತ್ತು ಬಸವನಹುಳುಗಳಿಗೂ ವಿಷ.

ಮಿತಿಗಳು

ಗಾಳಿಯೂಡಿಕೆ ನೀರಿನಲ್ಲಿರುವ ಕೊಳೆಯನ್ನು ತೆಗೆಯುವುದಿಲ್ಲ. ತಿನ್ನದೆ ಉಳಿದ ಆಹಾರ ಕೊಳೆಯುವಾಗ ಆಮ್ಲಜನಕವನ್ನು ಬಹಳ ವೇಗವಾಗಿ ಬಳಸುತ್ತದೆ. ಕಬ್ಬಿನ ಹಾಲು ಅಥವಾ ಕಾಕಂಬಿ ಸೇರಿದ ನೀರಿನಲ್ಲಿ ಮೀನು ಸಾಯುವುದೂ ಇದೇ ಕಾರಣಕ್ಕೆ. ಆದ್ದರಿಂದ ವಿದ್ಯುತ್ ಇಲ್ಲದ ಹೊತ್ತಿನಲ್ಲಿ ಮೀನಿಗೆ ಆಹಾರ ಹಾಕಬಾರದು. ಮೀನುಗಳು ಮೇಲ್ಮೈಯಲ್ಲಿ ಗುಂಪುಗೂಡಿ ಬಾಯಿ ತೆರೆದು ಮುಚ್ಚುವುದು, ಕಿವಿರುಗಳು ಬೇಗ ಬೇಗ ಆಡುವುದು ಕೊರತೆಯ ಮೊದಲ ಲಕ್ಷಣಗಳು. ಆಗ ಮುಚ್ಚಳ ತೆರೆದು, ಮೂರನೆಯ ಒಂದು ಭಾಗ ನೀರನ್ನು ಗಾಳಿಯೂಡಿಸಿಟ್ಟ ಅದೇ ತಾಪಮಾನದ ನೀರಿನಿಂದ ಬದಲಿಸಿ, ಮೇಲಿನ ಯಾವುದಾದರೊಂದು ಸಾಧನವನ್ನು ಹೂಡಬೇಕು. ಅಮೋನಿಯಾ ಹೆಚ್ಚಾದಾಗಲೂ ಕಿವಿರಿಗೆ ರೋಗ ತಗುಲಿದಾಗಲೂ ಇವೇ ಲಕ್ಷಣಗಳು ಕಾಣುವುದರಿಂದ, ಗಾಳಿ ಕೊಟ್ಟರೂ ಚೇತರಿಸದಿದ್ದರೆ ಬೇರೆ ಕಾರಣವನ್ನು ಹುಡುಕಬೇಕು.

ಮಿತಿಮೀರಿ ಮೀನು ತುಂಬಿದ ತೊಟ್ಟಿಯನ್ನು ಯಾವ ಏರೇಟರ್ ಕೂಡ ಬಹುಕಾಲ ಕಾಪಾಡಲಾರದು. ಪಂಪು ನಿಂತ ಮೊದಲ ರಾತ್ರಿಯೇ ಅಲ್ಲಿ ಮೀನುಗಳು ಸಾಯಬಹುದು. ಸಂಖ್ಯೆ ಹೆಚ್ಚಾದ ಮೀನುಗಳನ್ನು ಶಿಂಷಾ, ಕಾವೇರಿ ನದಿಗಳಿಗೆ ಅಥವಾ ಊರಿನ ಕೆರೆಗೆ ಬಿಡುವುದು ಸರಿಯಲ್ಲ. ಹೊರನಾಡಿನ ಮೀನುಗಳು ಅಲ್ಲಿ ನೆಲೆಯೂರಿದರೆ ಸ್ಥಳೀಯ ಮೀನುಗಳ ಆಹಾರಕ್ಕೂ ಮೊಟ್ಟೆಗಳಿಗೂ ಕುತ್ತಾಗುತ್ತವೆ. ಮೇಲ್ಮೈಯ ಅಳತೆಗೆ ತಕ್ಕಷ್ಟೇ ಮೀನುಗಳನ್ನು ಸಾಕಿದ ತೊಟ್ಟಿಗೆ ಏರೇಟರ್ ಹೆಚ್ಚುವರಿ ಆಸರೆ ಮಾತ್ರ. ಅಂತಹ ತೊಟ್ಟಿಯಲ್ಲಿ ವಿದ್ಯುತ್ತಿಲ್ಲದ ಕೆಲವು ಗಂಟೆಗಳನ್ನು ಕಳೆಯಲು ಹನಿಪಾತ್ರೆಯಂತಹ ಸರಳ ಸಾಧನವೇ ಸಾಮಾನ್ಯವಾಗಿ ಸಾಕಾಗುತ್ತದೆ.